ಹಳೆಯ ಕಾರಿನಲ್ಲಿ ಬಂದು ಹೋಗುವ ಆಯಿಲ್ ಲೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರುತಿ 800, ಓಮ್ನಿ, ಝೆನ್, ಸ್ಯಾಂಟ್ರೋದಂಥ ಸರಳ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಬರೆಯಲಾಗಿದೆ. ಹಳೆಯ ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳ ಹಳದಿ ದೀಪದ ಕಥೆ ಬೇರೆ. ಅದಕ್ಕೆ ಉತ್ತರಗಳು ಕೊನೆಯ ಭಾಗದಲ್ಲಿವೆ.

## ಮೊದಲ ಪ್ರಶ್ನೆಗಳು

ಕೆಂಪು ಆಯಿಲ್ ಲೈಟ್ ಒಂದು ಸಲ ಮಿಣುಕಿ ಆರಿತು. ಹಾಗೇ ಮನೆ ತನಕ ಓಡಿಸಬಹುದಾ?

ಬೇಡ. ಎಡಕ್ಕೆ ತೆಗೆದುಕೊಂಡು ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಗಾಡಿ ಉರುಳುತ್ತಿರುವಾಗಲೇ ಎಂಜಿನ್ ಆರಿಸಬೇಕಾಗಿ ಬಂದರೆ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಭಾರವಾಗುತ್ತದೆ, ಬ್ರೇಕ್ ಬೂಸ್ಟರ್‌ನಲ್ಲಿ ಎರಡು ಮೂರು ಸಲ ಒತ್ತುವಷ್ಟೇ ವ್ಯಾಕ್ಯೂಮ್ (ನಿರ್ವಾತ) ಉಳಿದಿರುತ್ತದೆ.

ಐದು ನಿಮಿಷ ಬಿಟ್ಟು ಆಯಿಲ್ ಕಡ್ಡಿ ನೋಡಿ. ಆಯಿಲ್ ಕಡಿಮೆ ಇದ್ದರೆ ತುಂಬಿಸಿ, ಸ್ಟಾರ್ಟ್ ಮಾಡಿ. ಎರಡು ಮೂರು ಸೆಕೆಂಡಿನಲ್ಲಿ ಲೈಟ್ ಆರಿ, ಟಕಟಕ ಶಬ್ದವೂ ಇಲ್ಲದಿದ್ದರೆ ನಿಧಾನವಾಗಿ ಹತ್ತಿರದ ಗ್ಯಾರೇಜ್‌ವರೆಗೆ ಹೋಗಬಹುದು. ಅಳತೆ ಸರಿಯಿದ್ದೂ ಲೈಟ್ ಆರದಿದ್ದರೆ ಟೋಯಿಂಗ್‌ಗೆ ಫೋನ್ ಮಾಡಿ. ಎಂಜಿನ್‌ನ ಕ್ರ್ಯಾಂಕ್ ದಂಡ ಬೇರಿಂಗ್‌ಗಳೊಳಗೆ ಒತ್ತಡದ ಆಯಿಲ್ ಪದರದ ಮೇಲೆ ತೇಲುತ್ತಾ ತಿರುಗುವಂಥದ್ದು. ಆ ಪದರ ಹೋದರೆ ಬೇರಿಂಗ್ ಸುಡುವುದು ನಿಮಿಷಗಳ ಲೆಕ್ಕ. ಟೋಯಿಂಗ್ ಖರ್ಚಿಗೆ ಲೆಕ್ಕ ಹಾಕಿ ಎಂಜಿನ್ ಕೆಲಸ ಮೈಮೇಲೆ ಎಳೆದುಕೊಳ್ಳಬೇಡಿ.

ಆಯಿಲ್ ಲೈಟ್ ಬಂತು ಅಂದರೆ ಆಯಿಲ್ ಕಮ್ಮಿ ಅಂತ ತಾನೇ?

ಅಲ್ಲ. ಕೆಂಪು ದೀಪ ಹೇಳುವುದು ಒತ್ತಡದ ಬಗ್ಗೆ, ಅಳತೆಯ ಬಗ್ಗೆ ಅಲ್ಲ. ಎಂಜಿನ್‌ಗೆ ತಿರುಗಿಸಿ ಹಾಕಿರುವ ಒಂದು ಸಣ್ಣ ಸ್ವಿಚ್ ಇದೆ. ಹೆಚ್ಚಾಗಿ ಆಯಿಲ್ ಫಿಲ್ಟರ್ ಆಸುಪಾಸಿನಲ್ಲೇ ಇರುತ್ತದೆ, ಒಂದೇ ಒಂದು ವೈರ್ ಬಂದು ಸೇರುತ್ತದೆ. ಒತ್ತಡ ಇಲ್ಲದಾಗ ಸ್ವಿಚ್ ಆ ವೈರನ್ನು ಎಂಜಿನ್ ಬಾಡಿಗೆ ಅರ್ತ್ ಮಾಡುತ್ತದೆ, ದೀಪ ಹತ್ತುತ್ತದೆ. ಒತ್ತಡ ಸುಮಾರು 0.3 ಬಾರ್ ದಾಟಿದರೆ ಒಳಗಿನ ಪರದೆ ಮೇಲೆದ್ದು ಸಂಪರ್ಕ ಕಡಿಯುತ್ತದೆ, ದೀಪ ಆರುತ್ತದೆ.

0.3 ಬಾರ್ ಎಂದರೆ 4–5 ಪಿಎಸ್‌ಐ. ಕಾರಿನ ಚಕ್ರದ ಗಾಳಿ 30 ಪಿಎಸ್‌ಐ ಇರುತ್ತದೆ ಎಂದು ನೆನೆಸಿಕೊಂಡರೆ ಇದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಹಾಗಾಗಿ ದೀಪ ಆರಿದೆ ಎಂದರೆ ಒತ್ತಡ ಚೆನ್ನಾಗಿದೆ ಎಂದು ಅರ್ಥವಲ್ಲ, ತೀರಾ ಇಲ್ಲದಂತೆ ಆಗಿಲ್ಲ ಎಂದಷ್ಟೇ ಅರ್ಥ.

ಕಡ್ಡಿ ತೆಗೆದಾಗಲೆಲ್ಲ ಒಂದೊಂದು ಅಳತೆ ತೋರಿಸುತ್ತೆ. ಸರಿಯಾಗಿ ನೋಡೋದು ಹೇಗೆ?

ಸಮತಟ್ಟಾದ ಜಾಗ, ಎಂಜಿನ್ ಆರಿಸಿ ಐದರಿಂದ ಹತ್ತು ನಿಮಿಷ. ಮೊದಲ ಸಲ ಎಳೆದ ಕಡ್ಡಿಯನ್ನು ನಂಬಬೇಡಿ, ಕೊಳವೆಯ ಗೋಡೆಯ ಆಯಿಲ್ ಅದಕ್ಕೆ ಸವರಿಕೊಂಡಿರುತ್ತದೆ. ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ತೆಗೆದು ಎರಡೂ ಮಗ್ಗುಲು ನೋಡಿ. ಕಡಿಮೆ ತೋರಿಸುವ ಮಗ್ಗುಲೇ ಲೆಕ್ಕ.

ಮೂಗಿಗೂ ಸ್ವಲ್ಪ ಕೆಲಸ ಕೊಡಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದು ಅಳತೆ ತಾನಾಗಿಯೇ ಏರುತ್ತಿದ್ದರೆ, ಕಾರ್ಬ್ಯುರೇಟರ್ ಕಾಲದ ಮಾರುತಿ 800ರಂಥ ಗಾಡಿಯಲ್ಲಿ ಎಂಜಿನ್‌ಗೆ ಕಚ್ಚಿಕೊಂಡಿರುವ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದಿರಬಹುದು. ಪೆಟ್ರೋಲ್ ನೇರ ಚೇಂಬರ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿದು ಆಯಿಲ್ ನೀರಿನಂತೆ ತೆಳ್ಳಗಾಗುತ್ತದೆ, ಬಿಸಿಯಾದಾಗ ಲೈಟ್ ಮಿಣುಕುತ್ತದೆ. ಮಜ್ಜಿಗೆಯ ಬಣ್ಣ ಕಂಡರೆ ಕೂಲಂಟ್ ಸೇರಿದೆ. ಆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಆಯಿಲ್ ಹಾಕುವ ಮುಚ್ಚಳದ ಕೆಳಗೆ ಮಾತ್ರ ತುಸು ಕೆನೆಯಿದ್ದು ಕಡ್ಡಿ ಸ್ವಚ್ಛವಾಗಿದ್ದರೆ, ಅದು ಬರೀ ಹತ್ತಿರ ಹತ್ತಿರ ಓಡಿಸುವ ಗಾಡಿಯ ತೇವ, ಗಾಬರಿ ಬೇಡ.

ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಹೇಳೋಕೇ ಆಗಲ್ಲ. ಗ್ಯಾರೇಜ್‌ಗೆ ಒಯ್ದರೆ ಬರೋದೇ ಇಲ್ಲ. ಏನು ಮಾಡೋದು?

ಬರೆದಿಟ್ಟುಕೊಳ್ಳಿ. ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ನಿಂತಿತ್ತೋ ಓಡುತ್ತಿತ್ತೋ, ರಸ್ತೆ ಹೇಗಿತ್ತು, ಮಳೆ ಇತ್ತೋ. ನಾಲ್ಕೈದು ಸಲ ಬರೆದರೆ ಸಾಕು, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ತಿರುವಿನಲ್ಲಿ, ಜೋರು ಬ್ರೇಕಿನಲ್ಲಿ, ಆಗುಂಬೆಯಂಥ ಘಟ್ಟದ ಹೇರ್‌ಪಿನ್‌ಗಳಲ್ಲಿ ಬಂದು ನೇರ ರಸ್ತೆಗೆ ಬಂದ ಕೂಡಲೇ ಆರಿದರೆ, ಆಯಿಲ್ ಕಡಿಮೆಯಾಗಿ ಚೇಂಬರಿನ ಒಂದು ಬದಿಗೆ ಸರಿದಿದೆ, ಸ್ಟ್ರೈನರ್ (ಪಂಪ್ ಆಯಿಲ್ ಹೀರುವ ಪೈಪಿನ ಬಾಯಿಯ ಜಾಲರಿ) ಗಾಳಿ ಹೀರಿದೆ. ತಣ್ಣಗಿದ್ದಾಗ ಸುದ್ದಿಯೇ ಇಲ್ಲ, ಅರ್ಧ ಗಂಟೆ ಓಡಿಸಿ ಸಿಗ್ನಲ್‌ನಲ್ಲಿ ನಿಂತಾಗ ಮಿಣುಕುತ್ತದೆ, ಎಕ್ಸಲರೇಟರ್ ಮುಟ್ಟಿದರೆ ಮಾಯ: ಇದು ಬಹುಪಾಲು ನಿಜವಾದ ಕಡಿಮೆ ಒತ್ತಡ. "ಸ್ವಿಚ್ ಹೋಗಿದೆ ಬಿಡಿ ಸಾರ್" ಎಂಬ ಮಾತನ್ನು ಒತ್ತಡ ಅಳೆಯುವ ಗೇಜ್ ಹಾಕದೆ ಒಪ್ಪಬಾರದಾದ ಸಂದರ್ಭವೂ ಇದೇ.

ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ನಾಲ್ಕೈದು ಸೆಕೆಂಡ್ ಉಳಿದರೆ ಫಿಲ್ಟರ್ ನೋಡಿ. ಗುಂಡಿಗೆ ಬಿದ್ದಾಗ, ಗಾಡಿ ಕುಣಿದಾಗ ಕಣ್ಣು ಹೊಡೆದರೆ ವೈರ್. ಇವೆಲ್ಲಕ್ಕಿಂತ ಕೆಟ್ಟದ್ದು ಹೈವೇಯಲ್ಲಿ ಜೋರಾಗಿ ಓಡಿಸುವಾಗ ಹತ್ತಿ, ನಿಧಾನ ಮಾಡಿದರೆ ಆರುವುದು. ಪಂಪ್ ಕೇಳಿದಷ್ಟು ಆಯಿಲ್ ಸ್ಟ್ರೈನರ್‌ನಿಂದ ಬರುತ್ತಿಲ್ಲ ಎಂಬುದರ ಗುರುತು ಅದು. ಆಯಿಲ್ ಗುರುತಿಗಿಂತ ತುಂಬಾ ಮೇಲಿದ್ದು ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡಿದಾಗಲೂ ಹೀಗೆ ಆಗುತ್ತದೆ.

## ಮನೆಯ ಮುಂದೆಯೇ ನೋಡಬಹುದಾದ್ದು

ಹೋಗಿರೋದು ಸ್ವಿಚ್ಚಾ, ವೈರಾ? ನಾನೇ ಪತ್ತೆ ಮಾಡಬಹುದಾ?

ಮಾಡಬಹುದು. ಎಂಜಿನ್ ಆಫ್ ಇರಲಿ, ಕೀ ಮಾತ್ರ ಆನ್. ಲೈಟ್ ಹತ್ತಿರಬೇಕು. ಸ್ವಿಚ್ಚಿನ ಮೇಲಿನ ರಬ್ಬರ್ ಟೋಪಿ ಸರಿಸಿ ವೈರ್ ಕಳಚಿ. ಲೈಟ್ ಆರಬೇಕು. ವೈರಿನ ತುದಿಯನ್ನು ಎಂಜಿನ್‌ನ ಬರಿ ಲೋಹಕ್ಕೆ ಮುಟ್ಟಿಸಿ. ಮತ್ತೆ ಹತ್ತಬೇಕು. ವೈರ್ ಕಳಚಿದರೂ ಉರಿಯುತ್ತಲೇ ಇದ್ದರೆ ದಾರಿಯಲ್ಲಿ ಎಲ್ಲೋ ವೈರಿನ ಚರ್ಮ ಸುಲಿದು ಬಾಡಿಗೆ ತಾಗುತ್ತಿದೆ. ಹೆಚ್ಚಾಗಿ ಎಕ್ಸಾಸ್ಟ್ ಹತ್ತಿರ, ಇಲ್ಲವೇ ವೈರ್ ಬಿಗಿಯುವ ಕ್ಲಿಪ್ಪಿನ ಅಂಚಿನಲ್ಲಿ. ಕೀ ಆನ್ ಇಟ್ಟು ಒಬ್ಬರು ಮೀಟರ್ ಬೋರ್ಡ್ ನೋಡುತ್ತಿರಲಿ, ಇನ್ನೊಬ್ಬರು ವೈರನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋಗಲಿ.

ರಬ್ಬರ್ ಟೋಪಿ ತೆಗೆದಾಗ ಒಳಗೆ ಕಪ್ಪಗೆ ಒಂದು ತೊಟ್ಟು ಆಯಿಲ್ ನಿಂತಿದ್ದರೆ ಹೆಚ್ಚು ಹುಡುಕಬೇಕಾಗಿಲ್ಲ. ಪರದೆ ಬಿರುಕು ಬಿಟ್ಟು ಆಯಿಲ್ ಸ್ವಿಚ್ಚಿನ ಹೊಟ್ಟೆಯೊಳಗಿಂದಲೇ ಮೇಲೆ ಬಂದಿದೆ. ಬೆರಳಿಗೆ ಒರೆಸಿ, ಒಂದು ದಿನ ಓಡಿಸಿ ಮತ್ತೆ ನೋಡಿ. ಮತ್ತೆ ತೊಟ್ಟು ಕಟ್ಟಿದ್ದರೆ ಸ್ವಿಚ್ ಸತ್ತಿತು.

ಒಂದು ಎಚ್ಚರಿಕೆ: ಕೆಲವು ಹಳೆಯ ಜರ್ಮನ್ ಎಂಜಿನ್‌ಗಳಲ್ಲಿ ಎರಡು ಸ್ವಿಚ್‌ಗಳಿವೆ. 0.3 ಬಾರ್‌ನದ್ದು ಮೇಲೆ ಹೇಳಿದಂತೆಯೇ. 1.4 ಅಥವಾ 1.8 ಬಾರ್‌ನ ಇನ್ನೊಂದು ತದ್ವಿರುದ್ಧ, ಒತ್ತಡ ಬಂದಾಗ ಸಂಪರ್ಕ ಕೂಡುತ್ತದೆ. ಅದರ ವೈರ್ ಬಿಟ್ಟುಹೋದರೆ 2000 ಆರ್‌ಪಿಎಂ ದಾಟಿದಾಗ ಲೈಟೂ ಬಝರೂ ಒಟ್ಟಿಗೆ ಬರುತ್ತವೆ. ಅಲ್ಲಿ ಮೇಲಿನ ಪರೀಕ್ಷೆ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಮಳೆ ಬಂದಾಗ, ಗಾಡಿ ತೊಳೆದಾಗ ಮಾತ್ರ ಮಂದವಾಗಿ ಉರಿಯುತ್ತೆ. ಅದೂ ಅಪಾಯವಾ?

ಮಂದ ಬೆಳಕು ಎಂದರೆ ವಿದ್ಯುತ್ ಅರೆಬರೆ ಸೋರುತ್ತಿದೆ. ಕನೆಕ್ಟರಿನಲ್ಲಿ ನೀರು, ಕೆಸರು, ಹಸಿರು ಕಿಲುಬು. ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಹರಿದ ರಬ್ಬರ್ ಟೋಪಿ ಬದಲಿಸಿ. ಮಳೆ ನಿಂತು ವಾರವಾದರೂ ಬರುತ್ತಿದ್ದರೆ ಇದು ಆ ಲೆಕ್ಕಕ್ಕೆ ಸೇರುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಂಡೆ. ಕೀ ಆನ್ ಮಾಡಿದರೆ ಆಯಿಲ್ ಲೈಟ್ ಬರೋದೇ ಇಲ್ಲ. ಒಳ್ಳೇದೇ ಅಲ್ವಾ?

ಒಳ್ಳೆಯದಲ್ಲ. ಸ್ಟಾರ್ಟ್‌ಗೆ ಮುಂಚೆ ಲೈಟ್ ಹತ್ತಲೇಬೇಕು. ಬಲ್ಬ್ ಸುಟ್ಟಿದೆ, ವೈರ್ ಕಡಿದಿದೆ, ಇಲ್ಲವೇ ಮಾರಿದವರೋ ಅವರಿಗೆ ಮಾರಿದವರೋ ಬೇಕೆಂದೇ ವೈರ್ ಕಿತ್ತು ಟೇಪ್ ಸುತ್ತಿದ್ದಾರೆ. ಮೂರನೆಯದು ಅಷ್ಟೇನೂ ಅಪರೂಪವಲ್ಲ. ಹಳೆಯ ಗಾಡಿ ನೋಡಲು ಹೋದಾಗ ಕೀ ಆನ್ ಮಾಡಿ ಮೊದಲು ಈ ದೀಪ ನೋಡಿ, ಪೇಂಟ್ ಆಮೇಲೆ ನೋಡಬಹುದು.

ಸ್ವಿಚ್ ನಾನೇ ಹಾಕಿಕೊಳ್ಳಬಹುದಾ? ಎಲ್ಲ ಗಾಡಿಗೂ ಒಂದೇನಾ?

ನೋಡಲು ಒಂದೇ ಥರ, ಮರೆ (ತಿರುಪಿನ ಸುತ್ತು, ಥ್ರೆಡ್) ಬೇರೆ ಬೇರೆ. ಜಪಾನ್, ಕೊರಿಯಾ ಮೂಲದ ಗಾಡಿಗಳಲ್ಲಿ ಸಾಮಾನ್ಯವಾಗಿ 1/8 ಇಂಚಿನ ಬಿಎಸ್‌ಪಿಟಿ (ಬ್ರಿಟಿಷ್ ಅಳತೆಯ, ತುದಿಗೆ ಕಿರಿದಾಗುವ) ಮರೆ, ಇಂಚಿಗೆ 28 ಸುತ್ತು. ಅಮೆರಿಕನ್ ಅಳತೆಯ 1/8 ಎನ್‌ಪಿಟಿಯಲ್ಲಿ 27 ಸುತ್ತು. ಯುರೋಪಿನ ಬಹಳ ಗಾಡಿಗಳಲ್ಲಿ ಎಂ10, 1 ಮಿ.ಮೀ. ಪಿಚ್. 27ರದ್ದು 28ರ ತೂತಿಗೆ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. "ಟೈಟ್ ಇದೆ, ಚೆನ್ನಾಗಿ ಕೂತಿದೆ" ಎಂದುಕೊಂಡು ತಿರುಗಿಸಿದರೆ ಅಲ್ಯೂಮಿನಿಯಂ ಮರೆ ಹೋಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಬಿಡಿಭಾಗದ ಅಂಗಡಿಯಲ್ಲೋ ಕೊಳ್ಳುವಾಗ ಹಳೆಯ ಸ್ವಿಚ್ ಕೈಯಲ್ಲಿರಲಿ, ಎರಡರ ಮರೆಯನ್ನೂ ಒಂದಕ್ಕೊಂದು ಒರಗಿಸಿ ನೋಡಿ.

ಎಂಜಿನ್ ತಣ್ಣಗಾಗಲಿ. ಕೆಳಗೆ ಬಟ್ಟೆ ಹಿಡಿಯಿರಿ, ಹೆಚ್ಚೇನೂ ಸುರಿಯುವುದಿಲ್ಲ. ತುದಿಗೆ ಕಿರಿದಾಗುವ ಮರೆಗೆ ಸೀಲಂಟ್ ಸವರಬಹುದು, ಆದರೆ ತುದಿಯ ಎರಡು ಸುತ್ತು ಬಿಟ್ಟು, ತೆಳ್ಳಗೆ. ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಬೇಡಿ: ಸ್ವಿಚ್ಚಿಗೆ ಅರ್ತ್ ಸಿಗುವುದೇ ಈ ಮರೆಯ ಮೂಲಕ, ಅದು ತಪ್ಪಿದರೆ ಲೈಟ್ ಎಂದೂ ಹತ್ತದು. ಹರಿದ ಟೇಪಿನ ಎಳೆ ಆಯಿಲ್ ದಾರಿಗೂ ಬೀಳಬಹುದು. ಸಣ್ಣ ಬಿಎಸ್‌ಪಿಟಿ ಸ್ವಿಚ್ಚಿಗೆ 12ರಿಂದ 15 ನ್ಯೂಟನ್ ಮೀಟರ್ ಸಾಕು. ಗಿಡ್ಡ ಸ್ಪ್ಯಾನರ್‌ನಿಂದ ಮಣಿಕಟ್ಟಿನ ಬಲ ಎಂದುಕೊಳ್ಳಿ.

ಆಯಿಲ್ ಚೇಂಜ್ ಮಾಡಿಸಿದ ಮೇಲೇ ಶುರುವಾಯಿತು. ಮುಂಚೆ ಇರಲಿಲ್ಲ.

ಅಳತೆ ಮೊದಲು: ಮಾರುತಿ 800ಗೆ ಫಿಲ್ಟರ್ ಸೇರಿ ಹಿಡಿಸುವುದೇ 3 ಲೀಟರ್ ಆಸುಪಾಸು, ಅರ್ಧ ಲೀಟರ್ ಕಡಿಮೆ ಬಿದ್ದರೂ ದೊಡ್ಡ ವ್ಯತ್ಯಾಸ. ಆಮೇಲೆ ಫಿಲ್ಟರ್. ಅದರ ಒಳಗೆ ಒಂದು ರಬ್ಬರ್ ಕವಾಟ ಇದೆ, ಎಂಜಿನ್ ಆರಿದಾಗ ಫಿಲ್ಟರ್‌ನ ಆಯಿಲ್ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಅಗ್ಗದ ನಕಲಿ ಫಿಲ್ಟರ್‌ಗಳಲ್ಲಿ ಅದು ಸೆಟೆದುಕೊಂಡಿರುತ್ತದೆ. ರಾತ್ರಿಯಿಡೀ ಫಿಲ್ಟರ್ ಬರಿದಾಗಿ, ಬೆಳಿಗ್ಗೆ ಅದು ತುಂಬುವ ತನಕ ಲೈಟ್ ಉಳಿಯುತ್ತದೆ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತಿದೆಯೇ ಎಂದೂ ನೋಡಿಸಿ. ಹಾಗಾಗಿದ್ದರೆ ಆಯಿಲ್ ಪಿಚಕಾರಿಯಂತೆ ಹೊರಗೆ ಬರುವ ದಿನ ದೂರವಿಲ್ಲ.

ಕೊನೆಗೆ, ಆಯಿಲ್ ಬಿಚ್ಚುವಾಗ ಸ್ವಿಚ್ಚಿನ ವೈರಿಗೆ ಕೈ ತಾಗಿ ಸಡಿಲವಾಗಿರಬಹುದು. ಅಷ್ಟೇ ಆಗಿರುವುದೂ ಉಂಟು.

## ಗ್ಯಾರೇಜ್ ಕೆಲಸ

ಗೇಜ್ ಹಾಕಿ ನೋಡಬೇಕು ಅಂತಾರೆ. ಹೇಗೆ ಹಾಕ್ತಾರೆ, ಎಷ್ಟು ಬರಬೇಕು?

ಸ್ವಿಚ್ ಬಿಚ್ಚಿ ಅದೇ ತೂತಿಗೆ ಸರಿಯಾದ ಮರೆಯ ಅಡಾಪ್ಟರ್, ಪೈಪ್, 0–10 ಬಾರ್‌ನ ಮುಳ್ಳಿನ ಗೇಜ್. ಎಂಜಿನ್ ಚೆನ್ನಾಗಿ ಕಾಯಬೇಕು, ಕನಿಷ್ಠ ಇಪ್ಪತ್ತು ನಿಮಿಷ ಓಡಿಸಿ ಬಂದಿರಬೇಕು. ತಣ್ಣನೆಯ ಎಂಜಿನ್‌ನಲ್ಲಿ ಅಳೆದ ಒತ್ತಡಕ್ಕೆ ಮೂರು ಕಾಸಿನ ಬೆಲೆಯಿಲ್ಲ: ದಪ್ಪ ಆಯಿಲ್ ಎಲ್ಲ ಸವೆತವನ್ನೂ ಮುಚ್ಚಿಡುತ್ತದೆ.

ಬಿಸಿ ಐಡಲ್‌ನಲ್ಲಿ (ಎಕ್ಸಲರೇಟರ್ ಮುಟ್ಟದೆ ಎಂಜಿನ್ ಸುಮ್ಮನೆ ಓಡುವಾಗ) 1 ಬಾರ್ ಆಸುಪಾಸು ಅಥವಾ ಮೇಲೆ ಇದ್ದರೆ ನೆಮ್ಮದಿ. ಅರ್ಧ ಬಾರ್‌ಗಿಂತ ಕೆಳಗಿದ್ದರೆ ಚಿಂತೆ. ವೇಗ ಏರಿಸಿದಾಗ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್, ಎಂಬುದು ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ. ಫೋಕ್ಸ್‌ವ್ಯಾಗನ್ ಗುಂಪಿನ ಅನೇಕ ಎಂಜಿನ್‌ಗಳಿಗೆ 80 ಡಿಗ್ರಿ ಬಿಸಿಯಲ್ಲಿ 2000 ಆರ್‌ಪಿಎಂಗೆ ಕನಿಷ್ಠ 2 ಬಾರ್ ಬೇಕು. ನಿಮ್ಮ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ಸಿಕ್ಕರೆ ಅದರ ಅಂಕಿಯೇ ಅಂತಿಮ.

ಬಂದು ಹೋಗುವ ತೊಂದರೆಗೆ ನಿಂತಲ್ಲೇ ಅಳೆದರೆ ಸಾಲದು. ಗಟ್ಟಿ ಪೈಪನ್ನು ಬಾನೆಟ್‌ನ ಹಿಂದಿನ ಸಂದಿಯಿಂದ ಹೊರತೆಗೆದು, ಗೇಜನ್ನು ಎಡಬದಿಯಲ್ಲಿ ವೈಪರ್ ಬುಡಕ್ಕೆ, ಪಕ್ಕದಲ್ಲಿ ಕೂತವರಿಗೆ ಕಾಣುವಂತೆ, ಟೇಪ್ ಹಾಕಿ ಕಟ್ಟಿ ಓಡಿಸಬೇಕು. ಬಿಚ್ಚಿದ ಸ್ವಿಚ್ಚಿನ ಜಾಗದಲ್ಲಿ 'ಟಿ' ಆಕಾರದ ಕವಲು ಜೋಡಣೆ ಹಾಕಿ ಸ್ವಿಚ್ಚನ್ನೂ ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ಲೈಟ್ ಮಿಣುಕಿದ ಗಳಿಗೆಯಲ್ಲಿ ಮುಳ್ಳು 1.5 ಬಾರ್‌ನಲ್ಲೇ ನಿಂತಿದ್ದರೆ ತಪ್ಪು ಸ್ವಿಚ್ ಇಲ್ಲವೇ ವೈರಿನದು. ಮುಳ್ಳೂ ಬಿದ್ದರೆ ಲೈಟ್ ಸತ್ಯ ಹೇಳಿದೆ. ಪೈಪ್ ಎಕ್ಸಾಸ್ಟ್‌ಗೆ ತಾಗದಂತೆ ಕಟ್ಟಿ. ಕಾದ ಮ್ಯಾನಿಫೋಲ್ಡ್ ಮೇಲೆ ಆಯಿಲ್ ಚಿಮ್ಮಿದರೆ ಬೆಂಕಿ.

20ಡಬ್ಲ್ಯೂ-50 ಎಂಬ ದಪ್ಪ ಆಯಿಲ್ ಹಾಕಿದೆವು, ಲೈಟ್ ಬರೋದು ನಿಂತಿತು. ಹಾಗಾದರೆ ರಿಪೇರಿ ಆಯಿತಲ್ಲ?

ಲೈಟ್ ರಿಪೇರಿ ಆಯಿತು. 100 ಡಿಗ್ರಿ ಬಿಸಿಯಲ್ಲಿ ಎಸ್‌ಎಇ 30 ದರ್ಜೆಯ ಆಯಿಲಿನ ಸ್ನಿಗ್ಧತೆ (ಎಷ್ಟು ದಪ್ಪ ಎಂಬುದರ ಅಳತೆ) 9.3ರಿಂದ 12.5 ಸೆಂಟಿಸ್ಟೋಕ್ಸ್, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. 30 ಹಾಕಬೇಕಾದ ಕಡೆ 50 ಹಾಕಿದರೆ ಹೆಚ್ಚುಕಡಿಮೆ ಎರಡರಷ್ಟು ದಪ್ಪ, ಸಹಜವಾಗಿ ಒತ್ತಡ ಏರುತ್ತದೆ. ಸವೆದ ಬೇರಿಂಗ್ ಸವೆದೇ ಇದೆ.

ಹಾಗೆಂದು ಇದು ಯಾವಾಗಲೂ ತಪ್ಪಲ್ಲ. ಒಂದು ಲಕ್ಷ ಕಿ.ಮೀ. ದಾಟಿದ, ಊರೊಳಗಷ್ಟೇ ಓಡುವ ಹಳೆಯ ಓಮ್ನಿಗೆ ಒಂದು ದರ್ಜೆ ದಪ್ಪದ ಆಯಿಲ್ ಹಾಕಿ ಇನ್ನೆರಡು ವರ್ಷ ಓಡಿಸುವುದು ಬುದ್ಧಿವಂತಿಕೆಯೇ, ಗೇಜ್ ಅಂಕಿ ಗೊತ್ತಿದ್ದು ಮಾಡಿದರೆ. ಟರ್ಬೊ ಇರುವ ಗಾಡಿಯಲ್ಲಿ, ಪಂಪ್ ಡ್ಯೂಸ್ (ಪಿಡಿ, ಕ್ಯಾಮ್ ಒತ್ತುವ ಇಂಜೆಕ್ಟರ್‌ಗಳಿರುವ) ಡೀಸೆಲ್‌ನಲ್ಲಿ ಈ ಆಟ ಬೇಡ. ಹಳೆಯ 1.9 ಟಿಡಿಐ ಪಿಡಿ ಎಂಜಿನ್‌ಗೆ ವಿಡಬ್ಲ್ಯೂ 505.01 ಎಂದು ಡಬ್ಬದ ಮೇಲೆ ಬರೆದ ಆಯಿಲೇ ಬೇಕು. ಕ್ಯಾಮ್ ಸವೆಯದಿರಲಿ ಎಂದೇ ಆ ದರ್ಜೆ ಬಂದದ್ದು.

ಹಂಪ್‌ಗೆ ತಳ ಬಡಿಯಿತು. ಸೋರಿಕೆ ಏನಿಲ್ಲ, ಆದರೆ ಆವತ್ತಿನಿಂದ ಲೈಟ್ ಆಗಾಗ ಬರುತ್ತೆ.

ನಮ್ಮ ರಸ್ತೆಗಳಲ್ಲಿ ಇದು ತೀರಾ ಸಾಮಾನ್ಯ, ಆದರೆ ಬಹಳ ಮಂದಿ ಸೋರಿಕೆ ಇಲ್ಲವೆಂದು ಸುಮ್ಮನಾಗುತ್ತಾರೆ. ಸ್ಟ್ರೈನರಿನ ಬಾಯಿಗೂ ಚೇಂಬರಿನ ತಳಕ್ಕೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ಜಾಗ. ತಗಡಿನ ಚೇಂಬರ್ ಒಳಕ್ಕೆ ಉಬ್ಬಿದರೆ ಆ ಬಾಯಿ ಮುಚ್ಚುತ್ತದೆ. ಐಡಲ್‌ನಲ್ಲಿ ಸಾಕಾಗುವಷ್ಟು ಆಯಿಲ್ ಬರುತ್ತದೆ, ವೇಗದಲ್ಲಿ ಬರುವುದಿಲ್ಲ. ಕೆಲವು ಸಲ ಸ್ಟ್ರೈನರ್ ಪೈಪೇ ಬಗ್ಗಿ, ಅದರ ಬುಡದ ಓ-ರಿಂಗ್‌ನಲ್ಲಿ ಗಾಳಿ ಎಳೆಯುತ್ತದೆ.

ಚೇಂಬರ್ ಇಳಿಸಲೇಬೇಕು. ಗುದ್ದನ್ನು ಬಡಿದು ಸರಿಮಾಡುವುದಕ್ಕಿಂತ ಬದಲಿಸುವುದು ಮೇಲು. ಹೇಗೂ ಇಳಿಸಿದ್ದೀರಿ, ಸ್ಟ್ರೈನರ್ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ: ಅರ್ಧ ತೂತುಗಳ ಆಚೆ ಬೆಳಕು ಕಾಣದಿದ್ದರೆ ಇನ್ನೊಂದು ಕಾರಣವೂ ಸಿಕ್ಕಿತು. ಮತ್ತೆ ಮುಚ್ಚುವಾಗ ಸಿಲಿಕಾನ್ ಸೀಲಂಟ್ ಗೆರೆ 2–3 ಮಿ.ಮೀ.ಗಿಂತ ದಪ್ಪ ಬೇಡ. ಒಳಗೆ ಹಿಂಡಿಕೊಂಡ ಸಿಲಿಕಾನ್ ತುಣುಕು ಕಳಚಿ ಹೋಗಿ ಕೂರುವುದು ಇದೇ ಜಾಲರಿಯ ಮೇಲೆ.

ಎಂಜಿನ್ ಫ್ಲಷ್ ಮಾಡಿಸಿದರೆ ಸರಿಹೋಗುತ್ತಾ? ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೀತೀನಿ ಅಂತಾರೆ.

ಕೆಸರು ಕಟ್ಟಿದ ಎಂಜಿನ್‌ಗೆ ಫ್ಲಷ್ ಹಾಕಿದರೆ ಗೋಡೆಯ ಹಕ್ಕಳೆ ಒಮ್ಮೆಗೇ ಕಳಚಿ ಸ್ಟ್ರೈನರ್‌ಗೆ ಬಂದು ಕೂರುತ್ತದೆ. ಲೈಟ್ ಮುಂಚೆ ಆಗಾಗ ಬರುತ್ತಿದ್ದದ್ದು ಈಗ ಆರುವುದೇ ಇಲ್ಲ. ಸೀಮೆಎಣ್ಣೆ ತುಂಬಿ ಎಂಜಿನ್ ಓಡಿಸುವುದಂತೂ ಬೇಡವೇ ಬೇಡ. ಚೇಂಬರ್ ಇಳಿಸಿ ಕೈಯಿಂದ ತೊಳೆದು, ಒಳ್ಳೆಯ ಆಯಿಲ್ ಹಾಕಿ, ಮೊದಲ ಎರಡು ಸಲ 2000–3000 ಕಿ.ಮೀ.ಗೇ ಫಿಲ್ಟರ್ ಸಮೇತ ಬದಲಿಸಿ.

## ಹಳದಿ ದೀಪ, ಸೆನ್ಸರ್, ಮತ್ತು ಕೊನೆಯ ಅನುಮಾನಗಳು

ಹಳೆಯ ಸ್ಕೋಡಾ ಆಕ್ಟೇವಿಯಾ/ಲಾರಾದಲ್ಲಿ ಹಳದಿ ಆಯಿಲ್ ಲೈಟ್ ಬರುತ್ತೆ. ಬಾನೆಟ್ ತೆರೆದು ಮುಚ್ಚಿದರೆ ಹೋಗುತ್ತೆ, ಆಮೇಲೆ ಮತ್ತೆ ಬರುತ್ತೆ. ಏನು ವಿಚಿತ್ರ?

ವಿಚಿತ್ರವಲ್ಲ, ಹಾಗೇ ಮಾಡಿಟ್ಟಿದ್ದಾರೆ. ಹಳದಿ ದೀಪ ಆಯಿಲ್ ಅಳತೆಯದು. ಬಾನೆಟ್ 30 ಸೆಕೆಂಡ್‌ಗಿಂತ ಹೆಚ್ಚು ತೆರೆದಿದ್ದರೆ, ನೀವು ಆಯಿಲ್ ಹಾಕಿದಿರಿ ಎಂದುಕೊಂಡು ಗಾಡಿಯ ಕಂಪ್ಯೂಟರ್ ದೀಪ ಆರಿಸುತ್ತದೆ. ಹಾಕದಿದ್ದರೆ ಸುಮಾರು 100 ಕಿ.ಮೀ. ಓಡಿದ ಮೇಲೆ ಮತ್ತೆ ಹತ್ತುತ್ತದೆ. ಬಾನೆಟ್ ಲಾಕ್‌ನ ಸ್ವಿಚ್ ಕೆಟ್ಟಿದ್ದರೆ ಇದರ ಉಲ್ಟಾ: ಆಯಿಲ್ ತುಂಬಿಸಿದರೂ ದೀಪ ಬೇಗ ಬಿಡುವುದಿಲ್ಲ.

ದೀಪ ಸ್ಥಿರವಾಗಿ ಉರಿದರೆ ಅಳತೆ ಕಡಿಮೆ. ಹಳದಿಯೇ ಮಿಟುಕುತ್ತಿದ್ದರೆ ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿದೆ. ಆಗ ಆಯಿಲ್ ಸುರಿಯಬೇಡಿ, ಕಡ್ಡಿ ಸರಿ ತೋರಿಸಿದರೆ ಓಡಿಸಬಹುದು. ಕೆಂಪು ಮಿಟುಕಿದರೆ ಮೊದಲ ಉತ್ತರಕ್ಕೆ ಹೋಗಿ.

ಆ ಸೆನ್ಸರ್ ಎಲ್ಲಿದೆ? ಬದಲಿಸಿದರೂ ಮತ್ತೆ ಬರುತ್ತಿದೆ.

ಜಿ266 ಎಂಬ ಸೆನ್ಸರ್, ಚೇಂಬರಿನ ತಳದಲ್ಲಿ ಕೆಳಗಿನಿಂದ ಮೂರು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ತನ್ನನ್ನು ತಾನು ಕ್ಷಣಕಾಲ ಬಿಸಿ ಮಾಡಿಕೊಂಡು, ಎಷ್ಟು ಹೊತ್ತಿಗೆ ತಣ್ಣಗಾಯಿತು ಎಂಬುದರಿಂದ ಆಯಿಲ್ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಮೂರು ವೈರ್: ಒಂದು 12 ವೋಲ್ಟ್, ಒಂದು ಅರ್ತ್, ಒಂದು ಸಿಗ್ನಲ್. ಸಿಗ್ನಲ್ ಬಿಟ್ಟು ಬಿಟ್ಟು ಬರುವ ಮಿಡಿತವಾದ್ದರಿಂದ ಮಲ್ಟಿಮೀಟರ್‌ನಲ್ಲಿ ಕಂಡ ಅಂಕಿ ನೋಡಿ ತೀರ್ಪು ಕೊಡಬೇಡಿ. ಮೊದಲ ಎರಡನ್ನು ಮಾತ್ರ ಖಚಿತಪಡಿಸಿಕೊಳ್ಳಿ.

ಬದಲಿಸಿದರೂ ಬರುತ್ತಿದೆ ಎಂದರೆ ಬಹುಪಾಲು ವೈರಿಂಗ್. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವಚ ಎಂದೋ ಒಡೆದು ಹೋಗಿ, ಯಾರೂ ಮತ್ತೆ ಹಾಕಿಸದೆ, ಕನೆಕ್ಟರ್ ಐದಾರು ಮಳೆಗಾಲದ ಕೆಸರು ತಿಂದಿರುತ್ತದೆ. ಕನೆಕ್ಟರಿನ ಹಿಂದಿನ ಒಂದು ಗೇಣು ವೈರನ್ನು ಬೆರಳಲ್ಲಿ ಬಾಗಿಸಿ ನೋಡಿ: ಹೊರಚರ್ಮ ಸರಿಯಿದ್ದೂ ಒಳಗೆ ತಾಮ್ರ ಹಸಿರಾಗಿ ಮುರಿದಿದ್ದರೆ ಅಲ್ಲಿ ಮೆತ್ತಗೆ ಮಡಚಿಕೊಳ್ಳುತ್ತದೆ. ದೋಷದ ಕೋಡ್ ಓದುವ ಅಗ್ಗದ ಬ್ಲೂಟೂತ್ ಓಬಿಡಿ ಸಾಧನ ಎಂಜಿನ್ ಕಂಪ್ಯೂಟರನ್ನಷ್ಟೇ ಓದುತ್ತದೆ. ಈ ದೋಷ ಕೂತಿರುವುದು ಸ್ಕ್ಯಾನರ್ 17ನೇ ವಿಳಾಸ ಎಂದು ತೋರಿಸುವ ಮೀಟರ್ ಬೋರ್ಡಿನಲ್ಲಿ, ಕೋಡ್ 00562. ಅದನ್ನು ತೆರೆಯಬಲ್ಲ ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಿ.

ಸೆನ್ಸರ್ ತೆಗೆಯಲು ಆಯಿಲ್ ಪೂರ್ತಿ ಬಸಿಯಬೇಕು, ಹಾಗಾಗಿ ಆಯಿಲ್ ಚೇಂಜ್ ಜೊತೆಗೇ ಇಟ್ಟುಕೊಳ್ಳಿ. ಹೊಸ ಸೀಲ್, ಬೋಲ್ಟ್‌ಗೆ 10 ನ್ಯೂಟನ್ ಮೀಟರ್.

ಸ್ವಿಚ್, ವೈರ್, ಸ್ಟ್ರೈನರ್ ಎಲ್ಲ ಸರಿಯಿದೆ. ಬಿಸಿ ಐಡಲ್‌ನಲ್ಲಿ ಗೇಜೂ ಕಮ್ಮಿಯೇ ತೋರಿಸುತ್ತೆ. ಪಂಪಾ, ಬೇರಿಂಗಾ?

ಮೊದಲು ಒತ್ತಡ ಬಿಡುವ ಕವಾಟ. ಕೊಳೆ ಸಿಕ್ಕಿ ಅರೆ ತೆರೆದು ನಿಂತರೆ ಒಮ್ಮೆ ಸರಿ, ಒಮ್ಮೆ ಕಡಿಮೆ ಎಂದು ತೋರಿಸುವುದು ಅದರ ಗುಣ. ಬೇರಿಂಗ್ ಹಾಗಲ್ಲ, ಪ್ರತಿ ಸಲ ಬಿಸಿಯಾದಾಗಲೂ ಒಂದೇ ರೀತಿ ಕಡಿಮೆ.

ಬೇರಿಂಗ್ ಸಂದಿ ಹೊಸದರಲ್ಲಿ ಸಾಮಾನ್ಯವಾಗಿ 0.02ರಿಂದ 0.05 ಮಿ.ಮೀ. ಸಂದಿ ಎರಡರಷ್ಟಾದರೆ ಸೋರಿ ಹೋಗುವ ಆಯಿಲ್ ಎರಡರಷ್ಟಲ್ಲ, ಎಂಟರಷ್ಟು: ಹರಿವು ಸಂದಿಯ ಘನದ ಲೆಕ್ಕದಲ್ಲಿ ಏರುತ್ತದೆ. ಅದಕ್ಕೇ ವರ್ಷಗಟ್ಟಲೆ ಸುಮ್ಮನಿದ್ದ ಲೈಟ್ ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಶುರುವಾಗುವುದು. ಹಾಗಿರುವಾಗ ಹೊಸ ಪಂಪ್ ಹಾಕಿದರೆ ಅಂಕಿ ತುಸು ಏರೀತು, ಹಣ ಮಾತ್ರ ವ್ಯರ್ಥ.

ಎಂಜಿನ್ ಇಳಿಸುವ ಮೊದಲು ಹಳೆಯ ಫಿಲ್ಟರನ್ನು ಕೊಯ್ದು ನೋಡಿ. ಹ್ಯಾಕ್ಸಾ ಬೇಡ, ಅದರ ಪುಡಿಯೇ ಒಳಗೆ ಬೀಳುತ್ತದೆ. ಫಿಲ್ಟರ್ ಕಟ್ಟರ್ ಅಥವಾ ತಗಡು ಕತ್ತರಿಸುವ ಕತ್ತರಿ ಬಳಸಿ. ಮಡಿಕೆಗಳನ್ನು ಬಿಡಿಸಿ, ಹಿಂಡಿ, ಬಿಸಿಲಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟದ, ಬೆಳ್ಳಿ ಅಥವಾ ತಾಮ್ರದ ಬಣ್ಣದ ಹೊಳಪು ಚೂರು ಕಂಡರೆ ಅದು ಬೇರಿಂಗ್. ಆಗ ಚೇಂಬರ್ ಇಳಿಸಿ, ಒಂದು ಕನೆಕ್ಟಿಂಗ್ ರಾಡ್ ಕ್ಯಾಪ್ ಬಿಚ್ಚಿ, ಪ್ಲಾಸ್ಟಿಗೇಜ್ (ಒತ್ತಿದರೆ ಚಪ್ಪಟೆಯಾಗುವ, ಸಂದಿ ಅಳೆಯುವ ಪ್ಲಾಸ್ಟಿಕ್ ದಾರ) ಎಳೆಯಿಟ್ಟು ಟಾರ್ಕ್ ಕೊಟ್ಟು ಬಿಗಿದು, ಕ್ರ್ಯಾಂಕ್ ತಿರುಗಿಸದೆ ಮತ್ತೆ ಬಿಚ್ಚಿ ಚಪ್ಪಟೆಯಾದ ಅಗಲ ಅಳೆಯಬೇಕು. ಕ್ರ್ಯಾಂಕ್‌ನಲ್ಲಿ ಉಗುರಿಗೆ ಸಿಕ್ಕುವ ಗೀರು ಇಲ್ಲದಿದ್ದರೆ ಬರೀ ಬೇರಿಂಗ್ ಬದಲಿಸಿ ಮುಗಿಸಬಹುದು. ಉಗುರು ಸಿಕ್ಕಿಕೊಂಡರೆ ಕ್ರ್ಯಾಂಕ್ ಗ್ರೈಂಡಿಂಗ್, 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗ್. ಆ ಬಿಲ್ ಕೇಳಿದ ಮೇಲೆ ಗುಜರಿಯಿಂದ ಒಳ್ಳೆಯ ಎಂಜಿನ್ ತಂದು ಕೂರಿಸಿದರೆ ಎಷ್ಟಾಗುತ್ತದೆ ಎಂದೂ ಕೇಳಿ. ತರುವ ಮೊದಲು ಅದರ ಚೇಂಬರನ್ನೂ ಬಿಚ್ಚಿಸಿ ನೋಡಿ.